ಬೂಟು ನುಂಗುವ ಗುಡ್ಡಗಳು: ಉತ್ತರ ಇಂಗ್ಲೆಂಡಿನಲ್ಲಿ ಯಾವುದನ್ನು ಹತ್ತಬೇಕು?

ಬ್ಲೀಕ್ಲೋ ಗುಡ್ಡದ ಮೇಲೆ ನನ್ನ ಎಡಗಾಲು ತೊಡೆಯವರೆಗೆ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಕಾಲು ಹೇಗೋ ಬಂತು, ಬೂಟು ಬರಲಿಲ್ಲ. ಜೊತೆಗಿದ್ದ ಗೆಳೆಯ ಬೋರಲು ಮಲಗಿ, ಮೊಣಕೈವರೆಗೆ ಕೈ ಹಾಕಿ, ಎಮ್ಮೆಯಿಂದ ಕರು ಎಳೆಯುವವರ ಹಾಗೆ ಅದನ್ನು ಎಳೆದು ಕೊಟ್ಟ. ಅವತ್ತು ರಸ್ತೆಯಿಂದ ನಾವು ಹತ್ತಬೇಕಿದ್ದದ್ದು ಹೆಚ್ಚೆಂದರೆ 130 ಮೀಟರ್. ಮುಳ್ಳಯ್ಯನಗಿರಿ ಹತ್ತಿದವರು ನಾವು, 633 ಮೀಟರಿನ ಗುಡ್ಡ ಯಾವ ಲೆಕ್ಕ ಅಂತ ಹೊರಟಿದ್ದೆವು.

ಮ್ಯಾಂಚೆಸ್ಟರ್, ಶೆಫೀಲ್ಡ್, ಲೀಡ್ಸ್, ನ್ಯೂಕಾಸಲ್ ಕಡೆ ಕೆಲಸಕ್ಕೋ ಓದಿಗೋ ಬಂದ ನಮ್ಮವರು ಆಗಾಗ ಕೇಳುತ್ತಾರೆ: ಲೇಕ್ ಡಿಸ್ಟ್ರಿಕ್ಟ್ ನೋಡಿ ಆಯಿತು, ಜನ ಇಲ್ಲದ, ಗಾಳಿ ಬಿಟ್ಟರೆ ಸದ್ದಿಲ್ಲದ ಗುಡ್ಡ ಯಾವುದಿದೆ? ಇವೆ, ಬೇಕಾದಷ್ಟು. ಆದರೆ ಕೇಳುವವರು ಕೂಡಲೇ ಎತ್ತರ ಎಷ್ಟು ಅಂತ ಕೇಳುತ್ತಾರೆ. ಇಲ್ಲಿ ಎತ್ತರ ಏನೂ ಹೇಳುವುದಿಲ್ಲ. ನಾನು ನೋಡುವುದು ಮೂರನ್ನು. ದಾರಿಗೆ ಕಲ್ಲು ಹಾಸಿದ್ದಾರಾ ಇಲ್ಲವಾ? ಮೋಡ ಮುಸುಕಿದರೆ ಯಾವುದನ್ನು ಹಿಡಿದುಕೊಂಡು ಇಳಿಯಬಹುದು, ಬೇಲಿಯಾ, ಹಳ್ಳವಾ? ಅಲ್ಲಿಗೆ ತಲುಪುವುದು ಹೇಗೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಗುಡ್ಡ ತಾನೇ ಗೊತ್ತಾಗುತ್ತದೆ.

ಕಾಲ ಕೆಳಗೆ ಏನಿದೆ

ಈ ಗುಡ್ಡಗಳ ತಲೆ ಚೂಪಾಗಿಲ್ಲ. ದೋಸೆ ಹೆಂಚಿನ ಹಾಗೆ ಚಪ್ಪಟೆ. ಮಳೆ ಬಂದರೆ ನೀರು ಹರಿದು ಹೋಗುವುದಿಲ್ಲ. ಚಳಿಗೆ ಆರುವುದೂ ಇಲ್ಲ. ಆ ನೀರಿನಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆಯುತ್ತದೆ. ಸತ್ತ ಮೇಲೂ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತದೆ. ಅದೇ ಪೀಟ್. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಅಂತ ಲೆಕ್ಕ. ಅಂದರೆ ಮೂರು ಮೀಟರ್ ಆಳದ ಪೀಟ್ ಮೇಲೆ ನೀವು ನಿಂತಿದ್ದರೆ, ಕಾಲ ಕೆಳಗೆ ಮೂರು ಸಾವಿರ ವರ್ಷ ಇದೆ.

ಉತ್ತರ ಇಂಗ್ಲೆಂಡಿನ ಉದ್ದಕ್ಕೂ ಸಾಗುವ ಪೆನ್ನೈನ್ ಗುಡ್ಡಸಾಲಿನ ದಕ್ಷಿಣ ಭಾಗದಲ್ಲಿ ಇನ್ನೊಂದು ಕಥೆಯೂ ಇದೆ. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳ ಹೊಗೆ ನೂರಕ್ಕೂ ಹೆಚ್ಚು ವರ್ಷ ಈ ಗುಡ್ಡಗಳ ಮೇಲೆ ಬಿತ್ತು. ಪಾಚಿ ಸತ್ತಿತು. ಬರಿಮೈ ಆದ ಪೀಟನ್ನು ಮಳೆ ಕೊರೆಯಿತು. ಹಾಗೆ ಆದ ಕೊರಕಲುಗಳಿಗೆ ಇಲ್ಲಿನವರು ‘ಗ್ರಫ್’ ಅನ್ನುತ್ತಾರೆ. ಕೊರೆಯದೆ ಉಳಿದ ಕಪ್ಪು ದಿಬ್ಬಗಳು ‘ಹ್ಯಾಗ್’. ಗ್ರಫ್ ಒಳಗೆ ಇಳಿದರೆ ಆಕಾಶ ಬಿಟ್ಟು ಬೇರೇನೂ ಕಾಣದು. ನೆಟ್ಟಗೆ ಹೋಗುತ್ತಿದ್ದೇನೆ ಅಂದುಕೊಂಡವರು ಹತ್ತು ನಿಮಿಷದಲ್ಲಿ ತಿರುಗಿ ನಿಂತಿರುತ್ತಾರೆ. 2003ರಲ್ಲಿ ಶುರುವಾದ ‘ಮೂರ್ಸ್ ಫಾರ್ ದ ಫ್ಯೂಚರ್’ ಎಂಬ ಯೋಜನೆ ಈ ಕೊರಕಲುಗಳಿಗೆ ಸಣ್ಣ ಸಣ್ಣ ಒಡ್ಡು ಕಟ್ಟಿ, ಹುಲ್ಲು, ಪಾಚಿ ಮತ್ತೆ ನೆಡುತ್ತಾ ಬಂದಿದೆ. ಅದಕ್ಕೇ ಹಳೆಯ ಫೋಟೋಗಳಲ್ಲಿ ಕಪ್ಪಗಿರುವ ಜಾಗ ಈಗ ಎಷ್ಟೋ ಕಡೆ ಹಸಿರಾಗಿದೆ. ನಡೆಯುವವರಿಗೆ ಕೆಸರು ಕಡಿಮೆ ಆಯಿತಾ? ಇಲ್ಲ. ನೀರು ಅಲ್ಲೇ ನಿಲ್ಲಬೇಕು ಅನ್ನುವುದೇ ಆ ಕೆಲಸದ ಗುರಿ.

ಕಿಂಡರ್ ಸ್ಕೌಟ್, 636 ಮೀಟರ್

ಇದನ್ನು ಬೇಗ ಮುಗಿಸುತ್ತೇನೆ. ಪೀಕ್ ಡಿಸ್ಟ್ರಿಕ್ಟಿನಲ್ಲಿ ಎಲ್ಲಕ್ಕಿಂತ ಎತ್ತರ. ಈಡೇಲ್‌ಗೆ ಮ್ಯಾಂಚೆಸ್ಟರಿನಿಂದಲೂ ಶೆಫೀಲ್ಡಿನಿಂದಲೂ ರೈಲಿದೆ. ಜೇಕಬ್ಸ್ ಲ್ಯಾಡರ್ ಮೆಟ್ಟಿಲು ಹತ್ತಿ ಕಿಂಡರ್ ಲೋ ಎಂಬಲ್ಲಿನ ಸರ್ವೆ ಕಂಬ ಮುಟ್ಟಿ ಬರಬಹುದು. 1932ರ ಏಪ್ರಿಲ್ 24ರಂದು ನೂರಾರು ಕೆಲಸಗಾರರು ಬೇಕೆಂದೇ ಈ ಗುಡ್ಡಕ್ಕೆ ನುಗ್ಗಿದರು. ಆಗ ಅದು ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಯಾಡುವ ಜಾಗ. ಐವರಿಗೆ ಜೈಲಾಯಿತು. ಇವತ್ತು ನಾವು ಮೂರ್‌ಲ್ಯಾಂಡ್ ಎಂಬ ಈ ಬಯಲು ಗುಡ್ಡನೆಲದ ಮೇಲೆ ಯಾರನ್ನೂ ಕೇಳದೆ ಓಡಾಡುವುದಕ್ಕೆ 2000ದ ಕಾನೂನು ಕಾರಣ. ಅದರ ಬೇರು ಈ ಗುಡ್ಡದಲ್ಲಿದೆ.

ಆದರೆ ಒಂಟಿತನ ಬೇಕು ಅಂದವರಿಗೆ ಇದು ಸರಿಯಲ್ಲ. ಭಾನುವಾರ ಜೇಕಬ್ಸ್ ಲ್ಯಾಡರ್ ಅಂದರೆ ಸಂತೆ. ಅಂಚಿನ ದಾರಿ ಬಿಟ್ಟು ನಡುವಿಗೆ ಹೋದರೆ ಮಾತ್ರ ನಿಜವಾದ ಕೆಸರು. 636 ಮೀಟರಿನ ಆ ತುದಿ ಎಲ್ಲಿದೆ ಅಂತ ಗೊತ್ತಾಗುವಂಥ ಗುರುತೂ ಇಲ್ಲ, ಪೀಟಿನ ಒಂದು ಉಬ್ಬು ಅಷ್ಟೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಈಡೇಲ್ ಕಣಿವೆಯಲ್ಲೇ ಓಡಾಡಿಸಿ ಬನ್ನಿ. ಚೆನ್ನಾಗಿದೆ.

ಬ್ಲ್ಯಾಕ್ ಹಿಲ್, 582 ಮೀಟರ್

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಹೆಸರಿಗೆ ತಕ್ಕ ಹಾಗೆ ಒಂದು ಕಾಲದಲ್ಲಿ ಇಡೀ ನೆತ್ತಿ ಕಪ್ಪು ಕೆಸರಿನ ಗದ್ದೆ. ಪೆನ್ನೈನ್ ವೇ ಎಂಬ 431 ಕಿಲೋಮೀಟರಿನ ಕಾಲುದಾರಿ 1965ರಲ್ಲಿ ಶುರುವಾಯಿತು. ಅದು ಈ ಗುಡ್ಡದ ಮೇಲೇ ಹೋಗುತ್ತದೆ. ಸಾವಿರಾರು ಬೂಟು ತುಳಿದು ತುಳಿದು ದಾರಿಯೇ ಹೊಳೆಯಷ್ಟು ಅಗಲ ಆಯಿತು. ಆಮೇಲೆ ಕಲ್ಲು ಹಾಸಿದರು. ಆ ಚಪ್ಪಡಿಗಳು ಎಲ್ಲಿಂದ ಬಂದವು ಗೊತ್ತಾ? ಮುಚ್ಚಿಹೋದ ಹತ್ತಿ ಗಿರಣಿಗಳ ನೆಲದಿಂದ. ಹೆಲಿಕಾಪ್ಟರಿನಲ್ಲಿ ಹೊತ್ತು ತಂದು ಇಳಿಸಿದರು. ಗುಡ್ಡ ಹಾಳಾಗುವುದಕ್ಕೆ ಕಾರಣವಾದ ಗಿರಣಿಯ ಕಲ್ಲೇ ಈಗ ಗುಡ್ಡ ಉಳಿಸುತ್ತಿದೆ.

ದಾರಿ ಮೂರು. ದಕ್ಷಿಣದ ಕ್ರೌಡನ್‌ನಿಂದ ಹೊರಟರೆ ಒಂದು ಕಡೆಗೆ ಸುಮಾರು ಏಳು ಕಿಲೋಮೀಟರ್. ನಡುವೆ ಲ್ಯಾಡೋ ರಾಕ್ಸ್ ಎಂಬ ಬಂಡೆಯ ಅಂಚಿನ ಮೇಲೆ ಸಣ್ಣ ದಾರಿ. ಗಾಳಿ ಜೋರಿದ್ದರೆ ಅಲ್ಲಿ ಹುಷಾರು. ಉತ್ತರದ ವೆಸೆಂಡನ್ ಹೆಡ್ ಕಡೆಯಿಂದ ನಾಲ್ಕು ಕಿಲೋಮೀಟರಿನ ಆಸುಪಾಸು, ಹೆಚ್ಚೂಕಡಿಮೆ ಪೂರ್ತಿ ಚಪ್ಪಡಿ. ಮಕ್ಕಳ ಜೊತೆ ಹೋಗುವವರಿಗೆ ಇದೇ ಸರಿ. ಮೂರನೆಯದು ಹೋಮ್ ಮಾಸ್ ರಸ್ತೆಯಿಂದ. ನಕ್ಷೆಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಎರಡೂವರೆ ಕಿಲೋಮೀಟರ್ ಆದರೆ ಜಾಸ್ತಿ. ಕೆಸರು ಅಲ್ಲೇ ಜಾಸ್ತಿ. ಆದರೂ ಒಂದು ಅನುಕೂಲ ಇದೆ. ಬೆನ್ನ ಹಿಂದೆ 228 ಮೀಟರಿನ ಪ್ರಸಾರ ಗೋಪುರ ನಿಂತಿರುತ್ತದೆ. ಮೋಡ ಇಲ್ಲದ ದಿನ ದಾರಿ ತಪ್ಪುವ ಮಾತೇ ಇಲ್ಲ.

ನೆತ್ತಿಯ ಕಂಬ ಇರುವ ದಿಬ್ಬಕ್ಕೆ ‘ಸೋಲ್ಜರ್ಸ್ ಲಂಪ್’ ಅಂತ ಹೆಸರು. ದೇಶ ಅಳೆಯಲು ಬಂದ ಸೈನ್ಯದ ಸರ್ವೆಯವರಿಂದ ಬಂದ ಹೆಸರು. 1841ರಲ್ಲಿ ಅಲ್ಲಿ ನೋಡಿದಾಗ ಕೋನ ಅಳೆಯುವ 36 ಇಂಚಿನ ದೊಡ್ಡ ಥಿಯೋಡೊಲೈಟ್ ನಿಲ್ಲಿಸಿದ್ದ ಮರದ ಚೌಕಟ್ಟು ಸಿಕ್ಕಿತು. ನನಗೆ ಅಲ್ಲಿ ನಿಂತಾಗಲೆಲ್ಲ ಬೆಂಗಳೂರು ನೆನಪಾಗುತ್ತದೆ. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ ಉತ್ತರ ಯಾರ್ಕ್‌ಷೈರಿನವನು. ಮುಂದೆ ಅವನು ದಕ್ಷಿಣ ಭಾರತದ ಉದ್ದಕ್ಕೂ ಹೊತ್ತು ತಿರುಗಿದ್ದೂ 36 ಇಂಚಿನ ಉಪಕರಣವೇ, ಅರ್ಧ ಟನ್ ಭಾರದ್ದು. ಈ ಕೆಸರು ನೋಡಿದವನಿಗೆ ಮೈಸೂರು ಸೀಮೆಯ ಬಯಲು ಹೇಗೆ ಕಂಡಿರಬಹುದು!

ಬ್ಲೀಕ್ಲೋ ಹೆಡ್, 633 ಮೀಟರ್

ಬೂಟು ಕಳೆದುಕೊಂಡ ಜಾಗವೇ ನನ್ನ ಅಚ್ಚುಮೆಚ್ಚಿನದು. ಯಾಕೆ ಅಂತ ಮನೆಯವರಿಗೂ ಅರ್ಥ ಆಗಿಲ್ಲ.

ಇಲ್ಲಿ ನೋಡುವಂಥ ಶಿಖರ ಇಲ್ಲ. ಒಂದು ಕಲ್ಲುಗುಪ್ಪೆ, ಅದರಲ್ಲಿ ನೆಟ್ಟ ಒಂದು ಕೋಲು. ಹತ್ತಿರದಲ್ಲೇ ವೇನ್ ಸ್ಟೋನ್ಸ್ ಎಂಬ ಎರಡು ಬಂಡೆ, ಒಂದು ಕೋನದಿಂದ ನೋಡಿದರೆ ಎರಡು ಮುಖ ಮುತ್ತಿಡುವ ಹಾಗೆ ಕಾಣುತ್ತವೆ. ಅಷ್ಟೇ. ಆದರೆ ಕಣ್ಣು ಹಾಯುವವರೆಗೂ ಕಂದು ನೆಲ, ಒಂದು ಮನೆ ಇಲ್ಲ, ಒಂದು ಮರ ಇಲ್ಲ. ಮ್ಯಾಂಚೆಸ್ಟರ್ ಇಲ್ಲಿಂದ ಸುಮಾರು 25 ಕಿಲೋಮೀಟರ್ ಅಂದರೆ ನಂಬಿಕೆ ಬರುವುದಿಲ್ಲ. ಚಳಿಗಾಲದಲ್ಲಿ ಮೈ ಬೆಳ್ಳಗಾದ ಬೆಟ್ಟದ ಮೊಲ ಕಾಣಬಹುದು. ಇಂಗ್ಲೆಂಡಿನಲ್ಲಿ ಅವು ಉಳಿದಿರುವುದು ಪೀಕ್ ಡಿಸ್ಟ್ರಿಕ್ಟಿನಲ್ಲಿ ಮಾತ್ರ. ಹಿಮ ಬೀಳದ ವರ್ಷ ಕಪ್ಪು ಪೀಟ್ ಮೇಲೆ ಆ ಬಿಳಿ ಮೊಲ ಪಾಪ, ಎಲ್ಲರಿಗೂ ಕಾಣುತ್ತದೆ. ಗ್ರೌಸ್ ಹಕ್ಕಿ ಕಾಲಡಿಯಿಂದ ಎದ್ದು ‘ಗೋ ಬ್ಯಾಕ್, ಗೋ ಬ್ಯಾಕ್’ ಅನ್ನುತ್ತದೆ. ಕೆಲವು ದಿನ ಅದರ ಮಾತು ಕೇಳಬೇಕು.

ಎಲ್ಲರೂ ಹಿಡಿಯುವ ದಾರಿ ಸ್ನೇಕ್ ಪಾಸ್ ರಸ್ತೆಯ ಮೇಲ್ತುದಿಯಿಂದ. ಅಲ್ಲೇ 510 ಮೀಟರ್ ಎತ್ತರ ಸಿಕ್ಕಿಬಿಡುತ್ತದೆ, ಉಳಿದದ್ದು ನಾಲ್ಕು ಕಿಲೋಮೀಟರ್. ಮೊದಲು ಚಪ್ಪಡಿ, ಆಮೇಲೆ ಡೆವಿಲ್ಸ್ ಡೈಕ್ ಎಂಬ ಕೊರಕಲು, ಆಮೇಲೆ ಹರ್ನ್ ಕ್ಲಫ್ ಹಳ್ಳದ ದಂಡೆ. ಸುಲಭ ಅನ್ನಿಸುತ್ತದೆ. ತೊಂದರೆ ವಾಪಸ್ ಬರುವಾಗ. ಮೋಡ ಇಳಿದ ದಿನ ‘ಹಳ್ಳ ಹಿಡಿದು ಇಳಿದರೆ ಆಯಿತು’ ಅಂತ ನಮ್ಮ ಮಲೆನಾಡಿನ ಬುದ್ಧಿ ಹೇಳುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ಹರ್ನ್ ಕ್ಲಫ್ ನಿಮ್ಮನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. ಅದು ಆಲ್ಪೋರ್ಟ್ ಕಣಿವೆಗೆ ಇಳಿಯುತ್ತದೆ, ಅಲ್ಲಿಂದ ರಸ್ತೆ ಬಲು ದೂರ. ಬ್ಲೀಕ್ಲೋ ಅಂದರೆ ನೀರು ಹಂಚುವ ಗುಡ್ಡ. ಒಂದು ಮಗ್ಗುಲಿನ ನೀರು ಐರಿಶ್ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಡರ್ವೆಂಟ್ ನದಿ ಸೇರಿ ಉತ್ತರ ಸಮುದ್ರಕ್ಕೆ. ತಪ್ಪು ಹಳ್ಳ ಹಿಡಿದರೆ ತಪ್ಪು ಕಣಿವೆ. ಪೆನ್ನೈನ್ ವೇ ಹಳ್ಳ ಬಿಟ್ಟು ಡೈಕ್ ಕಡೆ ತಿರುಗುವ ಜಾಗವನ್ನು ಹೋಗುವಾಗಲೇ ಒಮ್ಮೆ ಹಿಂತಿರುಗಿ ನೋಡಿಟ್ಟುಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ನನ್ನ ಸಲಹೆ ಬೇರೆ. ಕಾರು ಮರೆತುಬಿಡಿ. ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಗ್ಲಾಸಪ್‌ಗೆ ರೈಲು ಹಿಡಿಯಿರಿ, ಅರ್ಧ ಗಂಟೆಯ ದಾರಿ. ಹಳೆ ಗ್ಲಾಸಪ್‌ವರೆಗೆ ನಡೆದು, ಯೆಲೋಸ್ಲ್ಯಾಕ್ಸ್ ಏಣಿನ ಮೇಲೆ ಹತ್ತಿ, ಡಾಕ್ಟರ್ಸ್ ಗೇಟ್ ಎಂಬ ಹಳೆಯ ದಾರಿಯಲ್ಲಿ ಇಳಿಯಿರಿ. ಇಡೀ ದಿನ ಬೇಕು. ಕಾಲು ನೋಯುತ್ತದೆ. ಆದರೆ ಗುಡ್ಡ ಬುಡದಿಂದ ಗೊತ್ತಾಗುತ್ತದೆ, ಹುಲ್ಲುಗಾವಲು ಹೆದರ್ ಎಂಬ ಕುಳ್ಳು ಪೊದೆ ಆಗುವುದು, ಹೆದರ್ ಪೀಟ್ ಆಗುವುದು. ಸ್ನೇಕ್ ಪಾಸಿನಲ್ಲಿ ಕಾರಿಂದ ಇಳಿದರೆ ನೇರ ಮಹಡಿಗೆ ಬಂದ ಹಾಗೆ.

ಈ ಸುತ್ತಿನಲ್ಲಿ ಹೈಯರ್ ಶೆಲ್ಫ್ ಸ್ಟೋನ್ಸ್ ಕೂಡ ಸೇರಿಸಿಕೊಳ್ಳಬಹುದು, 621 ಮೀಟರ್. 1948ರ ನವೆಂಬರ್ 3ರಂದು ಅಮೆರಿಕದ ಬಿ-29 ವಿಮಾನವೊಂದು ಮೋಡದಲ್ಲಿ ಇಲ್ಲಿ ಅಪ್ಪಳಿಸಿತು. 13 ಜನ ಸತ್ತರು. ಎಂಜಿನ್‌ಗಳು, ರೆಕ್ಕೆಯ ತುಂಡುಗಳು ಇವತ್ತಿಗೂ ಪೀಟ್ ಮೇಲೆ ಹರಡಿ ಬಿದ್ದಿವೆ. ಪಕ್ಕದಲ್ಲಿ ನೆನಪಿನ ಕಲ್ಲು. ಜನ ಮರದ ಸಣ್ಣ ಶಿಲುಬೆ, ಸತ್ತ ಸೈನಿಕರ ನೆನಪಿನ ಕೆಂಪು ‘ಪಾಪಿ’ (ಗಸಗಸೆ ಜಾತಿಯ) ಹೂ ಇಟ್ಟು ಹೋಗುತ್ತಾರೆ. ಹತ್ತಿ ಕೂತು ಸೆಲ್ಫಿ ತೆಗೆಯುವವರನ್ನೂ ನೋಡಿದ್ದೇನೆ. ಸುಮ್ನೆ ನಿಂತು ಬನ್ನಿ, ಸಾಕು.

ದ ಚೆವಿಯಟ್, 815 ಮೀಟರ್

ಇದು ಬೇರೆ ಲೋಕ. ಸ್ಕಾಟ್ಲೆಂಡ್ ಗಡಿಯ ಪಕ್ಕ, ನಾರ್ತಂಬರ್‌ಲ್ಯಾಂಡಿನ ಎತ್ತರದ ಗುಡ್ಡ, ಆರಿಹೋದ ಹಳೆಯ ಜ್ವಾಲಾಮುಖಿ. ಮ್ಯಾಂಚೆಸ್ಟರಿನವರಿಗೆ ಒಂದು ದಿನದಲ್ಲಿ ಹೋಗಿ ಬರುವುದು ಕಷ್ಟ. ನ್ಯೂಕಾಸಲ್‌ನವರಿಗೆ ಸರಿ. ವೂಲರ್ ಊರಿನಲ್ಲಿ ಒಂದು ರಾತ್ರಿ ಉಳಿದು, ಬೆಳಗ್ಗೆ ಹಾರ್ತೋಪ್ ಕಣಿವೆಯ ಲ್ಯಾಂಗ್ಲಿಫೋರ್ಡ್ ಕಡೆಯಿಂದ ಸ್ಕಾಲ್ಡ್ ಹಿಲ್ ಮೇಲೆ ಹತ್ತಬೇಕು. ಏರು 600 ಮೀಟರ್. ಸ್ಕಾಲ್ಡ್ ಹಿಲ್‌ನಿಂದ ಮೇಲೆ ಬೇಲಿ ಜೊತೆಗಿರುತ್ತದೆ. ನನ್ನ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ? ಮೋಡದಲ್ಲಿ ಬೇಲಿ ಅಂದರೆ ಬಂಗಾರ.

ನೆತ್ತಿ ಮಾತ್ರ ಹುದಲು. ಸರ್ವೆ ಕಂಬ ಪೀಟಿನಲ್ಲಿ ಮುಳುಗುತ್ತದೆ ಅಂತ ಆಳೆತ್ತರದ ಕಾಂಕ್ರೀಟ್ ಪೀಠ ಕಟ್ಟಿ ಅದರ ಮೇಲೆ ನಿಲ್ಲಿಸಿದ್ದಾರೆ. ಈಗ ಅಲ್ಲಿಗೂ ಚಪ್ಪಡಿ ದಾರಿ ಇದೆ. ಆದ್ದರಿಂದ ಹೋದ ದಾರಿಯಲ್ಲೇ ವಾಪಸ್ ಬಂದರೆ ಇದು ಕೆಸರಿನಲ್ಲಿ ಬ್ಲೀಕ್ಲೋಗಿಂತ ಸುಲಭ. ಕಷ್ಟವೇ ಬೇಕು ಅನ್ನುವವರು ಕೋಂಬ್ ಫೆಲ್, ಹೆಜ್‌ಹೋಪ್ ಮೇಲೆ ಸುತ್ತಿ ಇಳಿಯುತ್ತಾರೆ. ಆ ನಡುವಿನ ತಗ್ಗಿನಲ್ಲಿ ನಾನು ಒಂದು ಕಿಲೋಮೀಟರಿಗೆ ಮುಕ್ಕಾಲು ಗಂಟೆ ತೆಗೆದುಕೊಂಡಿದ್ದೇನೆ. ಹೆಜ್‌ಹೋಪ್ ಮೇಲಿನ ನೋಟ ಚೆವಿಯಟ್‌ಗಿಂತ ಚೆನ್ನ, ಇದು ಎಲ್ಲರೂ ಒಪ್ಪುವ ಮಾತು. ಚೆವಿಯಟ್ ಚಪ್ಪಟೆ ಅಲ್ವಾ, ತುದಿಯಲ್ಲಿ ನಿಂತರೆ ಕಾಣುವುದು ಅದರದೇ ನೆಲ.

ಈ ಗುಡ್ಡದಲ್ಲಿ ನನಗೆ ಇಷ್ಟವಾದ ಕಥೆ ಒಂದು ನಾಯಿಯದು. 1944ರ ಡಿಸೆಂಬರಿನಲ್ಲಿ ಹಿಮಗಾಳಿಯಲ್ಲಿ ಅಮೆರಿಕದ ಬಿ-17 ವಿಮಾನ ಇಲ್ಲಿ ಬಿತ್ತು. ಕುರಿ ಕಾಯುವವರು ಹುಡುಕಲು ಹೊರಟರು. ಶೀಲಾ ಎಂಬ ಕುರಿನಾಯಿ ಬದುಕಿದ್ದವರ ಜಾಡು ಹಿಡಿಯಿತು. ಅದಕ್ಕೆ ಪ್ರಾಣಿಗಳ ಶೌರ್ಯಕ್ಕೆ ಕೊಡುವ ಡಿಕಿನ್ ಪದಕ ಸಿಕ್ಕಿತು. ಶೀಲಾ ಅಂದ ಕೂಡಲೇ ನಮ್ಮ ಗುಂಪಿನಲ್ಲಿ ಒಬ್ಬರು ‘ನನ್ನ ಅತ್ತಿಗೆ ಹೆಸರು’ ಅಂದರು. ಉಳಿದ ದಾರಿ ನಗುತ್ತಲೇ ಹೋಯಿತು.

ಮಿಕಲ್ ಫೆಲ್, 788 ಮೀಟರ್

ಇದಕ್ಕೆ ಹೋಗುವ ಮೊದಲು ಅನುಮತಿ ತೆಗೆದುಕೊಳ್ಳಬೇಕು. ಗುಡ್ಡ ವಾರ್ಕಪ್ ಸೈನಿಕ ತರಬೇತಿ ಪ್ರದೇಶದ ಒಳಗಿದೆ, ನಿಜವಾದ ಗುಂಡು ಹಾರಿಸುತ್ತಾರೆ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡುವ ಹಾಗಿಲ್ಲ. ನೆಲದ ಮೇಲೆ ಲೋಹದ ವಸ್ತು ಏನು ಕಂಡರೂ ಮುಟ್ಟಬಾರದು. ಹಿಂದೆ ಯಾರ್ಕ್‌ಷೈರಿನ ಅತಿ ಎತ್ತರದ ಜಾಗ ಅನ್ನಿಸಿಕೊಂಡಿದ್ದು ಇದೇ. 1974ರಲ್ಲಿ ಗಡಿ ಬದಲಾಗಿ ಡರ್ಹಮ್ ಪಾಲಾಯಿತು. ದಾರಿ ಅಂದರೆ ಬೇಲಿ ಗುಂಟ ಗಂಟೆಗಟ್ಟಲೆ ಜೌಗು. ತಮಾಷೆ ಅಂದರೆ ತುದಿ ಮಾತ್ರ ಸುಣ್ಣಕಲ್ಲಿನ ಒಣ ಹಸಿರು. ಒಂಟಿತನದಲ್ಲಿ ಇದರ ಮುಂದೆ ಯಾವುದೂ ಇಲ್ಲ. ಆದರೂ ಮೊದಲ ವರ್ಷದವರು ಇದರ ಸಹವಾಸಕ್ಕೆ ಹೋಗಬೇಡಿ.

ಪಕ್ಕದ ಕ್ರಾಸ್ ಫೆಲ್ 893 ಮೀಟರ್, ಪೆನ್ನೈನ್‌ನಲ್ಲೇ ಎತ್ತರ. ಅದನ್ನು ಪಟ್ಟಿಗೆ ಸೇರಿಸಿಲ್ಲ, ಯಾಕೆಂದರೆ ಅದರ ತಲೆ ಕಲ್ಲುಕಲ್ಲು. ಅಲ್ಲಿನ ಜಗಳ ಕೆಸರಿನ ಜೊತೆ ಕಡಿಮೆ, ಗಾಳಿಯ ಜೊತೆ ಜಾಸ್ತಿ. ಈಶಾನ್ಯದಿಂದ ಬೀಸಿ ಈಡನ್ ಕಣಿವೆಗೆ ಧುಮುಕುವ ಆ ಗಾಳಿಗೆ ಹೆಲ್ಮ್ ವಿಂಡ್ ಅಂತ ಹೆಸರೇ ಇದೆ.

ಯಾವಾಗ, ಹೇಗೆ

ಮೇ ಕೊನೆ, ಜೂನ್ ಒಳ್ಳೆಯದು. ಮಳೆ ಇಲ್ಲದೆ ಎರಡು ವಾರ ಕಳೆದಿದ್ದರೆ ಪೀಟ್ ಕೇಕಿನ ಹಾಗೆ ಪುಟಿಯುತ್ತದೆ. ಹತ್ತಿಹುಲ್ಲು ಬಿಳಿ ಕುಚ್ಚು ಬಿಟ್ಟಿರುತ್ತದೆ. ಆದರೆ ಒಣಗಿದ ಪೀಟ್‌ಗೆ ಬೆಂಕಿ ಬಿದ್ದರೆ ನೆಲದೊಳಗೇ ಉರಿಯುತ್ತದೆ. 2018ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಸ್ಯಾಡಲ್‌ವರ್ತ್ ಕಡೆ ಅಂಥ ಬೆಂಕಿ ಆರಿಸಲು ಸೈನ್ಯ ಕರೆಸಬೇಕಾಯಿತು. ಅಲ್ಲಿ ಚಹಾ ಕಾಯಿಸಲು ಹೋಗಬೇಡಿ, ಫ್ಲಾಸ್ಕಿನಲ್ಲಿ ಒಯ್ಯಿರಿ. ಇನ್ನೊಂದು ಒಳ್ಳೆಯ ಕಾಲ ಜನವರಿಯ ಗಟ್ಟಿ ಚಳಿ. ಕೆಸರು ಹೆಪ್ಪುಗಟ್ಟಿ ಸಿಮೆಂಟ್ ಆಗುತ್ತದೆ. ಆದರೆ ನಾಲ್ಕಕ್ಕೇ ಕತ್ತಲು. ಎಲ್ಲಕ್ಕಿಂತ ಕೆಟ್ಟದ್ದು ನವೆಂಬರ್ ತಿಂಗಳು, ಮತ್ತೆ ಹಿಮ ಕರಗಿದ ಮರುದಿನ.

ನಕ್ಷೆಯಲ್ಲಿ ಗಂಟೆಗೆ ಐದು ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅಂತ ಹಳೆಯ ಲೆಕ್ಕ ಇದೆ. ಚಪ್ಪಡಿ ದಾರಿಗೆ ಅದು ಸರಿ. ದಾರಿ ಇಲ್ಲದ ಪೀಟ್‌ಗೆ ಗಂಟೆಗೆ ಎರಡು ಕಿಲೋಮೀಟರ್ ಅಂತ ಹಿಡಿಯಿರಿ.

ನೆಲ ಓದುವುದನ್ನು ಬಣ್ಣದಿಂದ ಕಲಿಯಬಹುದು. ಹೆದರ್ ಪೊದೆ ಕಂಡರೆ ಹೆದರಬೇಡಿ, ಅದರ ಕೆಳಗೆ ನೆಲ ಒಣಗಿರುತ್ತದೆ. ಹುಲ್ಲಿನ ಗುಪ್ಪೆಗಳ ಮೇಲೆ ಹಾರುತ್ತಾ ಹೋಗಬಹುದು, ಕಾಲು ಹೊರಳದಂತೆ ನೋಡಿಕೊಳ್ಳಿ. ಪಚ್ಚೆಕಲ್ಲಿನ ಹಾಗೆ ಹೊಳೆಯುವ ಹಸಿರು ಪಾಚಿ ಕಂಡರೆ ಸುತ್ತಿ ಹೋಗಿ, ಅದರ ಕೆಳಗೆ ನೀರು. ಬರೀ ಕಪ್ಪು ಪೀಟ್ ಇದ್ದರೆ ಕೋಲಿನಿಂದ ಚುಚ್ಚಿ ನೋಡಿ. ಇಳಿದೇಬಿಟ್ಟರೆ ಕಾಲು ಜಗ್ಗಬೇಡಿ. ಬ್ಯಾಗ್ ಮುಂದಕ್ಕೆ ಎಸೆದು, ಅದರ ಮೇಲೆ ಮೈ ಚೆಲ್ಲಿ, ಕಾಲನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಎಳೆದುಕೊಳ್ಳಿ.

ಬೂಟಿನ ಮೇಲೆ ಮೊಣಕಾಲವರೆಗೆ ಗೇಟರ್ ಎಂಬ ದಪ್ಪ ಬಟ್ಟೆಯ ಕವಚ ಕಟ್ಟಿ. ಬೂಟು ಹೋಗದಿರಲು ಲೇಸ್ ಬಿಗಿಯಾಗಿರಲಿ, ನನ್ನದು ಸಡಿಲ ಇತ್ತು. ಜೀನ್ಸ್ ಬೇಡವೇ ಬೇಡ. ನಕ್ಷೆ ಕಾಗದದ್ದೂ ಇರಲಿ, ಚಳಿಗೆ ಫೋನ್ ಸಾಯುತ್ತದೆ. ಬ್ಲೀಕ್ಲೋ, ಬ್ಲ್ಯಾಕ್ ಹಿಲ್, ಕಿಂಡರ್ ಮೂರೂ ಒಂದೇ ಹಾಳೆಯಲ್ಲಿ ಸಿಗುತ್ತವೆ, ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಓಎಲ್ 1. ಚೆವಿಯಟ್‌ಗೆ ಓಎಲ್ 16. ಸಿಕ್ಕಿಹಾಕಿಕೊಂಡರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಿ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸೀಟಿ. ಇಂಬಳದ ಕಾಟ ಇಲ್ಲ. ಉಣ್ಣಿ ಇದೆ, ಮನೆಗೆ ಬಂದು ಮಂಡಿಯ ಹಿಂದೆ ನೋಡಿಕೊಳ್ಳಿ.

ಊಟಕ್ಕೆ ನಮ್ಮ ಗುಂಪಿನಲ್ಲಿ ಪುಳಿಯೋಗರೆ, ಚಪಾತಿ ಸುರುಳಿ ಎರಡು ಪಕ್ಷ ಇವೆ. ಗಾಳಿಯಲ್ಲಿ ನಿಂತುಕೊಂಡೇ ತಿನ್ನಬೇಕಾದ ಜಾಗ ಇವು. ಹಾಗಾಗಿ ನಾನು ಚಪಾತಿ ಪಕ್ಷ.

ಮನೆಗೆ ಬಂದ ಮೇಲೆ ಬೂಟನ್ನು ರೇಡಿಯೇಟರ್ ಮೇಲೆ ಇಡಬೇಡಿ, ಚರ್ಮ ಬಿರಿಯುತ್ತದೆ. ತಣ್ಣೀರಿನಲ್ಲಿ ಪೀಟ್ ತೊಳೆದು, ಒಳಗೆ ಹಳೆ ಪೇಪರ್ ತುರುಕಿ, ಬಾಗಿಲ ಹತ್ತಿರ ಇಡಿ. ಮೂರು ದಿನ ಬೇಕು. ಸಾಕ್ಸ್ ಒಗೆದರೂ ಬಣ್ಣ ಹೋಗುವುದಿಲ್ಲ, ಅದನ್ನು ಗುಡ್ಡಕ್ಕೆಂದೇ ಬೇರೆ ಇಡಿ.